ನಾಲ್ಕು ಎಲ್ಲಿ ಹೋಯಿತು?

ಕೇಳುಗರಿಗೆ ನಮಸ್ಕಾರ.

ಮೂವತ್ತೊಂದು ವರ್ಷ ಮೈಸೂರಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು ನಾನು. ಒಂದರಿಂದ ಎಂಟರವರೆಗೆ ಎಣಿಸುವುದನ್ನು ಇನ್ನು ಯಾರೂ ನನಗೆ ಕಲಿಸಬೇಕಿಲ್ಲ ಅಂದುಕೊಂಡಿದ್ದೆ. ಆದರೆ ಎರಡು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಸಂಜೆ, ನ್ಯೂಯಾರ್ಕಿನ ಬಯಲೊಂದರಲ್ಲಿ ನೂರಾರು ಜನರ ನಡುವೆ ನಿಂತು ಎಣಿಕೆ ತಪ್ಪಿದೆ.

ಮೈಕ್ ಹಿಡಿದ ಹುಡುಗಿ ಕೂಗುತ್ತಿದ್ದಳು. ಒಂದು, ಎರಡು, ಮೂರು. ಐದು, ಆರು, ಏಳು. ಮತ್ತೆ ಒಂದು, ಎರಡು, ಮೂರು.

ನಾಲ್ಕು ಎಲ್ಲಿ? ಎಂಟು ಎಲ್ಲಿ? ಪಕ್ಕದಲ್ಲಿದ್ದ ತಂಗಿಯ ಮಗಳನ್ನು ಕೇಳಿದೆ. "ದೊಡ್ಡಮ್ಮ, ಇಲ್ಲೂ ತಪ್ಪು ಹುಡುಕಬೇಡಿ, ಸುಮ್ನೆ ಕಾಲು ಹಾಕಿ" ಅಂದಳು.

ಅವಳೇ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದವಳು. ನದಿಯಾಚೆ ಜರ್ಸಿ ಸಿಟಿಯಲ್ಲಿ ಅವಳ ಮನೆ. ಬೆಳಗ್ಗೆ ಕೆಲಸಕ್ಕೆ ಹೋಗುವಾಗ "ಸಂಜೆ ಸಾಲ್ಸಾಗೆ ಹೋಗೋಣ" ಅಂದಿದ್ದಳು. ಚಿಪ್ಸ್ ಜೊತೆ ಕೊಡುವ ಟೊಮೇಟೊ ಗೊಜ್ಜಿಗೆ ಅಲ್ಲಿ ಸಾಲ್ಸಾ ಅನ್ನುತ್ತಾರೆ ಅಂತ ಅಷ್ಟರಲ್ಲಿ ಗೊತ್ತಾಗಿತ್ತು. ಹಾಗಾಗಿ ರಾತ್ರಿಗೆ ಅಡುಗೆ ಮಾಡಬೇಕಿಲ್ಲ ಅಂದುಕೊಂಡು ಖುಷಿಯಾಗಿಯೇ ಹೊರಟೆ. ಅವಳು ಹೇಳಿದ್ದು ಸಾಲ್ಸಾ ಎಂಬ ಜೋಡಿ ಕುಣಿತ, ಅದರ ಸಂಗೀತಕ್ಕೂ ಅದೇ ಹೆಸರು. ನಾನು ಪೂರ್ತಿ ತಪ್ಪೇನೂ ಅಲ್ಲ ಬಿಡಿ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಪದಕ್ಕೆ ಗೊಜ್ಜು, ಸಾಸ್ ಅಂತಲೇ ಅರ್ಥ. ದೊಡ್ಡ ವಾದ್ಯಗಾರ ಟೀಟೊ ಪುಯೆಂತೆ ಅವರಿಗೆ ಈ ಹೆಸರು ಹಿಡಿಸುತ್ತಲೇ ಇರಲಿಲ್ಲ. ಸಾಲ್ಸಾ ತಿನ್ನೋ ವಸ್ತು, ನಾನು ಬಾರಿಸೋದು ಬೇರೆ ಅಂತ ತಮಾಷೆ ಮಾಡುತ್ತಿದ್ದರಂತೆ.

ಜಾಗದ ಹೆಸರು ಲಿಂಕನ್ ಸೆಂಟರ್. ಸಂಗೀತ, ನೃತ್ಯ, ಆಪೆರಾ ನಡೆಯುವ ದೊಡ್ಡ ದೊಡ್ಡ ಕಟ್ಟಡಗಳು, ನಡುವೆ ಒಂದು ಕಾರಂಜಿ. 1989ರಿಂದಲೂ ಬೇಸಿಗೆಯಲ್ಲಿ ಅಲ್ಲಿ ಬಯಲಲ್ಲೇ ಕುಣಿತದ ಸಂಜೆಗಳು ನಡೆಯುತ್ತಿವೆ. ಮೊದಲು ಪಾಠ, ಆಮೇಲೆ ಹಾಡುವವರು ಬಾರಿಸುವವರು ಎದುರಿಗೇ ನಿಂತು ಕಛೇರಿ. ಜುಲೈನಲ್ಲಿ ಅಲ್ಲಿ ಎಂಟು ಗಂಟೆ ದಾಟಿದರೂ ಕತ್ತಲಾಗುವುದಿಲ್ಲ. ಹೊಸಬರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಪಾಠದ ಹೊತ್ತಿಗೇ ಹೋಗಿ. ತಡವಾಗಿ ಹೋದರೆ ಎಲ್ಲ ಬಲ್ಲವರ ಹಾಗೆ ಕಾಣುತ್ತಾರೆ, ನಮಗೆ ಗೋಡೆಯೇ ಗತಿ. ಪಾಠದಲ್ಲಿ ಮಾತ್ರ ಎಲ್ಲರೂ ನಮ್ಮ ಹಾಗೇ ಎಡವುತ್ತಿರುತ್ತಾರೆ.

ಹೆಜ್ಜೆ ಕಷ್ಟದ್ದಲ್ಲ. ಬಲಗಾಲು ಹಿಂದಕ್ಕೆ, ಎಡಗಾಲು ಇದ್ದಲ್ಲೇ ಒಮ್ಮೆ ಒತ್ತು, ಬಲಗಾಲು ವಾಪಸ್ಸು. ನಿಲ್ಲು. ಎಡಗಾಲು ಮುಂದಕ್ಕೆ, ಬಲಗಾಲು ಇದ್ದಲ್ಲೇ, ಎಡಗಾಲು ವಾಪಸ್ಸು. ನಿಲ್ಲು. ಇದು ಜೊತೆಗಾರನ ಸುಳಿವು ಹಿಡಿದು ಕುಣಿಯುವವರ ಹೆಜ್ಜೆ. ನಡೆಸುವವರಿಗೆ ಇದೇ ಕನ್ನಡಿಯಲ್ಲಿ ಕಂಡ ಹಾಗೆ. ಅಷ್ಟೇ. ಆದರೆ ಆ "ನಿಲ್ಲು" ಇದೆಯಲ್ಲ, ಅದೇ ನನಗೆ ಬರಲಿಲ್ಲ. ಮೂರು ಆದ ಮೇಲೆ ನಾಲ್ಕು ಅಂತ ಕಾಲು ತಾನಾಗಿ ಹೋಗಿಬಿಡುತ್ತಿತ್ತು. ಮೂವತ್ತೊಂದು ವರ್ಷದ ಅಭ್ಯಾಸ! ಜೊತೆಗೆ ನಾನು ಹಾಕಿಕೊಂಡು ಹೋಗಿದ್ದು ವಾಕಿಂಗ್ ಶೂ. ಅದರ ರಬ್ಬರ್ ಅಡಿ ನೆಲವನ್ನು ಕಚ್ಚಿ ಹಿಡಿಯುತ್ತಿತ್ತು. ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ, ನಡುವೆ ಸಿಕ್ಕಿಬೀಳುವುದು ಮಂಡಿ. ಮೂರು ದಿನ ಮೆಟ್ಟಿಲು ಹತ್ತುವಾಗೆಲ್ಲ ಆ ಶೂ ನೆನಪಾಗುತ್ತಿತ್ತು. ನುಣುಪಾದ ಚರ್ಮದ ಅಡಿ ಇರುವುದು ಒಳ್ಳೆಯದು.

ಪಾಠ ಮುಗಿದು ಕಛೇರಿ ಶುರುವಾದಾಗ ನಾನು ಕುರ್ಚಿ ಹುಡುಕಿಕೊಂಡು ಕೂತೆ. ನಿಜ ಹೇಳಬೇಕೆಂದರೆ ನನಗೆ ಆ ರಾತ್ರಿ ರುಚಿಸಲು ಶುರುವಾದದ್ದು ಆಗಲೇ. ಕುಣಿಯಲು ಬರದವರಿಗೆ ಅಲ್ಲಿ ಕೇಳಲು ಬೇಕಾದಷ್ಟಿದೆ. ಒಬ್ಬರ ಕೈಯಲ್ಲಿ ದನದ ಕೊರಳಿಗೆ ಕಟ್ಟುವಂಥ ಗಂಟೆ, ನಾಲಿಗೆ ಇಲ್ಲದ್ದು. ಅದನ್ನು ಕೋಲಿನಿಂದ ಹೊಡೆಯುತ್ತಾರೆ. ಇನ್ನೊಬ್ಬರ ಕೈಯಲ್ಲಿ ಗೀರು ಹಾಕಿದ ಒಣ ಬುರುಡೆ, ಹೆಸರು ಗ್ವೀರೊ. ಅದನ್ನು ಕಡ್ಡಿಯಿಂದ ಗೀಚಿದರೆ ತೆಂಗಿನಕಾಯಿ ತುರಿದ ಹಾಗೆ ಸದ್ದು. ನಮ್ಮ ತಂಬೂರಿಗೂ ಬುರುಡೆ, ಅವರಿಗೂ ಬುರುಡೆ. ಎತ್ತರದ ಕಾಂಗಾ ಚರ್ಮವಾದ್ಯಗಳನ್ನು ಬರಿಗೈಯಲ್ಲಿ ಬಾರಿಸುತ್ತಾರೆ, ಕೋಲಿಲ್ಲ. ಅದರ ಹಿಂದೆ ಇರುವುದು ಆಫ್ರಿಕಾ. ಕ್ಯೂಬಾದ ಕಬ್ಬಿನ ತೋಟಗಳಿಗೆ ಗುಲಾಮರಾಗಿ ಬಂದ ಜನ ತಮ್ಮ ತಾಳವನ್ನು ಬಿಟ್ಟು ಬರಲಿಲ್ಲ. ಸ್ಪೇನಿನಿಂದ ಬಂದ ಗಿಟಾರು, ಹಾಡಿನ ಧಾಟಿ ಅದಕ್ಕೆ ಸೇರಿತು. ಕ್ಯೂಬಾದಲ್ಲಿ ಗುಲಾಮಗಿರಿ ರದ್ದಾಗಿದ್ದು 1886ರಲ್ಲಿ. ಹವಾನಾದಲ್ಲಿ ಹುಟ್ಟಿ 1960ರಲ್ಲಿ ದೇಶ ಬಿಟ್ಟ ಗಾಯಕಿ ಸೆಲಿಯಾ ಕ್ರೂಸ್ ಹಾಡಿನ ನಡುವೆ "ಅಸೂಕರ್!" ಅಂತ ಕೂಗುತ್ತಿದ್ದರು. ಸಕ್ಕರೆ ಅಂತ ಅರ್ಥ. ಕಬ್ಬಿನ ತೋಟದ ವಿಷಯ ತಿಳಿದ ಮೇಲೆ ಆ ಕೂಗು ನನಗೆ ಬರೀ ಸಿಹಿಯಾಗಿ ಕೇಳಿಸುತ್ತಿಲ್ಲ.

ಎಲ್ಲದಕ್ಕೂ ಬುನಾದಿ ಎರಡು ಮರದ ತುಂಡುಗಳು, ಕ್ಲಾವೆ. ಕೋಲಾಟದ ಕೋಲನ್ನು ಗೇಣುದ್ದಕ್ಕೆ ಕತ್ತರಿಸಿದರೆ ಹೇಗಿರುತ್ತದೋ ಹಾಗೆ. ಎಂಟು ಎಣಿಕೆಗೆ ಐದೇ ಪೆಟ್ಟು, ಮೊದಲ ಅರ್ಧದಲ್ಲಿ ಮೂರು, ಉಳಿದ ಅರ್ಧದಲ್ಲಿ ಎರಡು. ಈ ಮೇಜಿನ ಮೇಲೆ ತಟ್ಟುತ್ತೇನೆ, ಧ್ವನಿಮುದ್ರಣದವರು ಕ್ಷಮಿಸಬೇಕು.

ಟಕ್... ಟಕ್... ಟಕ್. ಟಕ್, ಟಕ್.

ಕೇಳಿಸಿತಾ? ಎಷ್ಟೋ ಹಾಡುಗಳಲ್ಲಿ ಕ್ಲಾವೆಯನ್ನು ಯಾರೂ ಬಾರಿಸುವುದೇ ಇಲ್ಲ. ಆದರೂ ಎಲ್ಲರೂ ಅದಕ್ಕೆ ಕಟ್ಟುಬಿದ್ದೇ ನುಡಿಸುತ್ತಾರೆ. ನಮ್ಮಲ್ಲಿ ತೊಡೆಯ ಮೇಲೆ ತಾಳ ಹಾಕದೆಯೂ ತಾಳ ಇರುತ್ತದಲ್ಲ, ಹಾಗೆ.

ನಾನು ಹೀಗೆ ಕೂತು ಬೆರಳು ಮಡಿಸುತ್ತಿರುವಾಗ ಒಬ್ಬರು ಎದುರಿಗೆ ಬಂದು ನಿಂತರು. ಎಪ್ಪತ್ತೈದು ದಾಟಿರಬೇಕು. ಬಿಳಿ ಟೋಪಿ, ಗರಿಗರಿ ಇಸ್ತ್ರಿಯ ಅಂಗಿ, ಕಪ್ಪು ಬಿಳುಪು ಎರಡು ಬಣ್ಣದ ಬೂಟು. ಮಾತಾಡಲಿಲ್ಲ. ಅಂಗೈ ಮೇಲೆ ಮಾಡಿ ಕೈ ಚಾಚಿದರು.

ನಮ್ಮಲ್ಲಿ ಕೈ ಹಿಡಿದವರು ಅಂದರೆ ಗಂಡ. ಗುರುತಿಲ್ಲದವರ ಕೈ ಹಿಡಿಯುವುದು ನನ್ನ ಜನ್ಮದಲ್ಲಿ ಅದೇ ಮೊದಲು. ತಂಗಿಯ ಮಗಳ ಕಡೆ ನೋಡಿದೆ. ಅವಳು ಹಲ್ಲು ಬಿಟ್ಟುಕೊಂಡು ಬೇರೆ ಕಡೆ ನೋಡುತ್ತಿದ್ದಳು. ಆಮೇಲೆ ಅವಳು ಅಲ್ಲಿನ ರೀತಿ ಬಿಡಿಸಿ ಹೇಳಿದಳು. ಬೇಡ ಅಂದರೆ ಬೇಡ, ಕಾರಣ ಕೊಡಬೇಕಿಲ್ಲ, ಕೇಳಿದವರು ಬೇಸರ ಮಾಡಿಕೊಳ್ಳಬಾರದು. ಹೂಂ ಅಂದರೆ ಅದು ಒಂದು ಹಾಡಿಗೆ ಮಾತ್ರ, ನಾಲ್ಕೈದು ನಿಮಿಷ. ಮುಗಿದ ಮೇಲೆ ಥ್ಯಾಂಕ್ಸ್ ಹೇಳಿ ಅವರವರ ದಾರಿ. ಹೆಂಗಸರೂ ಹೋಗಿ ಕೇಳಬಹುದು. ಎಷ್ಟು ದೂರ ನಿಲ್ಲಬೇಕು ಅನ್ನುವುದು ನಮ್ಮ ಇಷ್ಟ, ಕೈಬೆರಳು ಮಾತ್ರ ಹಿಡಿದೂ ಕುಣಿಯಬಹುದು. ಇಷ್ಟೊಂದು ಸರಾಗವಾಗಿ ಬೇಡ ಅನ್ನಬಹುದಾದ ಜಾಗದಲ್ಲಿ ಹೂಂ ಅನ್ನುವುದೂ ಸುಲಭ.

ಎದ್ದೆ. ಎರಡನೇ ಸುತ್ತಿಗೇ ಅವರ ಚಂದದ ಬೂಟನ್ನು ತುಳಿದೆ. ಅವರು ಬೂಟು ನೋಡಿಕೊಳ್ಳಲಿಲ್ಲ. ಹೆಜ್ಜೆ ಹಾಕುವುದನ್ನೇ ನಿಲ್ಲಿಸಿ, ಇದ್ದಲ್ಲೇ ಆ ಕಾಲಿಂದ ಈ ಕಾಲಿಗೆ ಸುಮ್ಮನೆ ಭಾರ ಬದಲಿಸತೊಡಗಿದರು. ನಾನೂ ಹಾಗೇ ಮಾಡಿದೆ. ಆಮೇಲೆ ಒಂದು ಬೆರಳನ್ನು ತಮ್ಮ ಕಿವಿಗೆ ತೋರಿಸಿ, ಕಾಂಗಾ ಬಾರಿಸುವವನ ಕಡೆಗೆ ತೋರಿಸಿದರು. ಒಂದು, ಎರಡು, ಮೂರು, ನನ್ನ ಕಾಲು ನಿಂತಿತು. ಆಗ ಕಾಂಗಾ "ದುಂ ದುಂ" ಅಂದಿತು. ಅದೇ ಗಳಿಗೆಗೆ ಅವರ ಹೆಬ್ಬೆರಳು ನನ್ನ ಬೆರಳ ಗೆಣ್ಣಿನ ಮೇಲೆ ಎರಡು ಸಲ ತಟ್ಟಿತು. ಐದು, ಆರು, ಏಳು. ದುಂ ದುಂ.

ನಾಲ್ಕು ಅಲ್ಲಿತ್ತು! ಎಂಟೂ ಅಲ್ಲೇ ಇತ್ತು. ಕಾಲು ಬಿಟ್ಟುಕೊಟ್ಟಿದ್ದನ್ನು ಕೈ ಎತ್ತಿಕೊಂಡಿತ್ತು, ಅಷ್ಟೇ.

ಚಿಕ್ಕಂದಿನಲ್ಲಿ ನಾನು ನಾಲ್ಕು ವರ್ಷ ಸಂಗೀತದ ಪಾಠಕ್ಕೆ ಹೋಗಿದ್ದೆ. ಆದಿತಾಳಕ್ಕೂ ಎಂಟೇ ಎಣಿಕೆ. ಕೊನೆಯಲ್ಲಿ ತಟ್ಟು, ಬೀಸು, ತಟ್ಟು, ಬೀಸು. ಅಂಗೈ ಮೇಲೆ ಮಾಡಿ ಬೀಸುವಾಗ ಸದ್ದಿಲ್ಲ, ಆದರೆ ಎಣಿಕೆ ಇದೆ. ಆ ಬೀಸನ್ನು ನಾನು ಅವಸರದಲ್ಲಿ ನುಂಗಿಬಿಡುತ್ತಿದ್ದೆ, ಟೀಚರ್ ಕೈಯಲ್ಲಿ ಬೈಸಿಕೊಳ್ಳುತ್ತಿದ್ದೆ. ಐವತ್ತು ವರ್ಷ ಆದ ಮೇಲೂ ಅದೇ ತಪ್ಪು!

ನಾವು ಕುಣಿಯುತ್ತಿದ್ದ ನೆಲದ ಕಥೆ ನನಗೆ ಗೊತ್ತಾಗಿದ್ದು ಮನೆಗೆ ಬಂದ ಮೇಲೆ. ಅಲ್ಲಿ ಮೊದಲು ಸ್ಯಾನ್ ವಾನ್ ಹಿಲ್ ಅಂತ ಒಂದು ಬಡಾವಣೆ ಇತ್ತು. ಕಪ್ಪು ಜನರೂ ಪೋರ್ಟೊ ರಿಕೊ ದ್ವೀಪದಿಂದ ಬಂದವರೂ ಇದ್ದ ಕೇರಿ. 1950ರ ದಶಕದ ಕೊನೆಯಲ್ಲಿ ಸುಮಾರು 7,000 ಕುಟುಂಬಗಳನ್ನು ಎಬ್ಬಿಸಿ ಮನೆಗಳನ್ನು ಕೆಡವಿದರು. 1959ರಲ್ಲಿ ಲಿಂಕನ್ ಸೆಂಟರಿನ ಗುದ್ದಲಿ ಪೂಜೆ ಮಾಡಿದ್ದು ಅಧ್ಯಕ್ಷ ಐಸೆನ್‌ಹೋವರ್. ಅಲ್ಲಿಂದ ಹತ್ತು ಬೀದಿ ಆಚೆ, ಬ್ರಾಡ್‌ವೇ ಮತ್ತು 53ನೇ ಬೀದಿ ಸೇರುವಲ್ಲಿ, ಪಲೇಡಿಯಂ ಅನ್ನುವ ಕುಣಿತದ ಮನೆ ಇತ್ತು. ಮಚೀಟೊ, ಟೀಟೊ ಪುಯೆಂತೆ, ಟೀಟೊ ರೊದ್ರಿಗೆಸ್ ಅಲ್ಲಿ ಮಾಂಬೊ ಎಂಬ, ಸಾಲ್ಸಾಗೆ ಮೊದಲಿನ ಕುಣಿತದ ಸಂಗೀತ ನುಡಿಸುತ್ತಿದ್ದರು. ಬಣ್ಣದ ಭೇದ ಇನ್ನೂ ಗಟ್ಟಿಯಾಗಿದ್ದ ಕಾಲದಲ್ಲಿ ಅಲ್ಲಿ ಕಪ್ಪು ಜನ, ಬಿಳಿಯರು, ಪೋರ್ಟೊ ರಿಕೊದವರು ಒಂದೇ ನೆಲದ ಮೇಲೆ ಕುಣಿದರು. 1966ರಲ್ಲಿ ಅದು ಮುಚ್ಚಿತು. ಅದಕ್ಕೆ ಎರಡು ವರ್ಷ ಮೊದಲು ಜಾನಿ ಪಚೇಕೊ ಎಂಬ ಸಂಗೀತಗಾರರೂ ಜೆರ್ರಿ ಮಸೂಚಿ ಎಂಬ ವಕೀಲರೂ ಸೇರಿ ಫಾನಿಯಾ ರೆಕಾರ್ಡ್ಸ್ ಎಂಬ ಧ್ವನಿಮುದ್ರಿಕೆಯ ಕಂಪನಿ ಶುರುಮಾಡಿದ್ದರು. ಸಾಲ್ಸಾ ಎಂಬ ಹೆಸರು ಲೋಕಕ್ಕೆಲ್ಲ ಹಬ್ಬಿದ್ದು ಹೆಚ್ಚಾಗಿ ಅವರಿಂದ.

ಆ ಹಿರಿಯರು ಆ ಕೇರಿಯಲ್ಲಿ ಹುಟ್ಟಿದವರಾ, ಪಲೇಡಿಯಂ ನೋಡಿದವರಾ? ಕೇಳಬೇಕೆಂದು ಹೊಳೆದಾಗ ಕಾಲ ಮೀರಿತ್ತು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ನನಗೆ ಸ್ಪ್ಯಾನಿಷಿನಲ್ಲಿ ಗೊತ್ತಿದ್ದದ್ದು ಗೊಜ್ಜು ಒಂದೇ.

ಸಾಲ್ಸಾ ತೀರಾ ಜೋರಾಯಿತು ಅನ್ನಿಸಿದರೆ ಕಾಯಿರಿ, ನಡುವೆ ಬೇರೆ ಹಾಡುಗಳೂ ಬರುತ್ತವೆ. ಮೆರೆಂಗೆ ಬಂದರೆ ಯಾರೂ ಕೂರಬಾರದು. ಅದು ಎಡ ಬಲ, ಎಡ ಬಲ, ನಡೆಯಲು ಬಂದರೆ ಸಾಕು. ಬಚಾತಾದಲ್ಲಿ ಮೂರು ಹೆಜ್ಜೆ ಪಕ್ಕಕ್ಕೆ, ನಾಲ್ಕಕ್ಕೆ ಕಾಲಿನ ತುದಿಯನ್ನು ಮೆಲ್ಲಗೆ ತಾಗಿಸುವುದು. ಇಲ್ಲಿ ನಾಲ್ಕು ಕಾಲಿಗೇ ಸಿಗುತ್ತದೆ! ಎರಡೂ ಡೊಮಿನಿಕನ್ ಗಣರಾಜ್ಯದ್ದು. ಬಚಾತಾ ಒಂದು ಕಾಲದಲ್ಲಿ ಬಡವರ, ಕುಡುಕರ ಹಾಡು ಅಂತ ದೊಡ್ಡ ಮನೆಗಳಲ್ಲಿ ಹಾಕುತ್ತಲೇ ಇರಲಿಲ್ಲ. 2019ರಲ್ಲಿ ಯುನೆಸ್ಕೊ ಅದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೊಸಬರು ಮಾಡುವ ತಪ್ಪೆಲ್ಲ ನಾನು ಮಾಡಿದ್ದೇನೆ. ದೊಡ್ಡ ಹೆಜ್ಜೆ ಹಾಕಿದೆ, ಗುಂಪಿನಲ್ಲಿ ಅಂಗೈ ಅಗಲದ ಹೆಜ್ಜೆಯೇ ಜಾಸ್ತಿ. ಕಾಲು ನೋಡಿಕೊಂಡು ಕುಣಿದೆ, ಎದುರಿನವರ ಗದ್ದಕ್ಕೆ ಹಣೆ ತಾಗಿತು. ಒಂದೇ ಅಂಗಿಯಲ್ಲಿ ಹೋದೆ, ಬೆವರಿ ತೊಪ್ಪೆಯಾದೆ. ಬಲ್ಲವರು ಬದಲಿಗೆ ಇನ್ನೊಂದು ಅಂಗಿ, ಟವೆಲ್ಲು ತಂದಿರುತ್ತಾರೆ. ಒಂದನ್ನು ಮಾತ್ರ ನಾನು ಮಾಡಲಿಲ್ಲ, ಬೇರೆಯವರು ಮಾಡಿದ್ದನ್ನು ಕಂಡೆ. ನಿನ್ನೆ ಕಲಿತದ್ದನ್ನು ಇವತ್ತು ಜೊತೆಗಾರ್ತಿಗೆ ಪಾಠ ಹೇಳುವುದು. ಹಾಡು ಮುಗಿಯುವವರೆಗೂ ಆ ಹೆಣ್ಣುಮಗಳ ಮುಖ ನೋಡಬೇಕಿತ್ತು. ಮೂವತ್ತೊಂದು ವರ್ಷ ಪಾಠ ಹೇಳಿದ ನನಗೇ ಪಾಪ ಅನ್ನಿಸಿತು.

ನ್ಯೂಯಾರ್ಕಿಗೇ ಹೋಗಬೇಕಿಲ್ಲ. ಬೆಂಗಳೂರಿನ ಇಂದಿರಾನಗರ, ಕೋರಮಂಗಲದ ಕಡೆ ಇಂಥ ಸಂಜೆಗಳು ನಡೆಯುತ್ತಲೇ ಇವೆ. ಅವಕ್ಕೆ ಸೋಷಿಯಲ್ ಅನ್ನುತ್ತಾರೆ.

ನಾನು ಈಗ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ನಡೆಯುವಾಗ ಒಂದೊಂದು ಸಲ ಮೂರು ಹೆಜ್ಜೆ ಹಾಕಿ ನಿಲ್ಲುತ್ತೇನೆ. ಹಿಂದೆ ಬರುವವರು ಮಂಡಿ ನೋವು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ನನಗೆ ಕೊಟ್ಟ ಹೊತ್ತು ಮುಗಿಯುತ್ತಾ ಬಂತು. ನೀವು ಕೂತಲ್ಲೇ ಎರಡು ಬೆರಳನ್ನು ಮೇಜಿನ ಮೇಲೋ ತೊಡೆಯ ಮೇಲೋ ಇಟ್ಟುಕೊಳ್ಳಿ. ಮೂರರವರೆಗೆ ನಾನು ಎಣಿಸುತ್ತೇನೆ. ಆಮೇಲಿನದು ನಿಮ್ಮದು.

ಒಂದು, ಎರಡು, ಮೂರು...

ಐದು, ಆರು, ಏಳು...

ನಮಸ್ಕಾರ.