ಕಪ್ಪೆಚಿಪ್ಪು ಬರೀ ಸುಣ್ಣ ಅಲ್ಲೇನ್ರಿ? ಮತ್ತ ಯಾಕ ಅಷ್ಟು ಗಟ್ಟಿ?

[ತೆರೆ: ಕಪ್ಪೆಚಿಪ್ಪಿನ ಹೊಳೆಯುವ ಒಳಮೈ]

ಮುನಿರಾಬಾದಿನ ವೀಕ್ಷಕರೊಬ್ಬರ ಪ್ರಶ್ನೆ: ಹೊಳಿ ದಂಡಿ ಕಪ್ಪೆಚಿಪ್ಪು ಸುಟ್ಟರ ಸುಣ್ಣ ಆಗ್ತದ. ಹಂಗಿದ್ರ ಸುಣ್ಣದಕಲ್ಲಿನಂಗ ಯಾಕ ಪಟ್ನ ಸೀಳಂಗಿಲ್ಲ?

ಒಳಗಿನ ಹೊಳಪಿನ ಪದರದಾಗ ಸುಮಾರು 95% ಅರಗೊನೈಟ್, ಅಂದ್ರ ಕ್ಯಾಲ್ಸಿಯಂ ಕಾರ್ಬೊನೇಟೇ. ಉಳಿದದ್ದು ಪ್ರೊಟೀನು, ಮತ್ತ ಕೈಟಿನ್, ಅಂದ್ರ ಏಡಿ ಚಿಪ್ಪಿನಾಗೂ ಇರೋ ನಾರಿನಂಥ ವಸ್ತು. ಅರ್ಧ ಮೈಕ್ರಾನ್ (ಮಿಲಿಮೀಟರಿನ ಎರಡು ಸಾವಿರದಾಗ ಒಂದು ಪಾಲು) ದಪ್ಪದ ಅರಗೊನೈಟ್ ಬಿಲ್ಲಿಗಳು, ನಡುವ ತೆಳ್ಳನ ಅಂಟು. ಇಷ್ಟು ಸಾಕು, ಮುಂದ ಹೋಗೋಣ.

ಎಲ್ಲಾರೂ ಇದನ್ನ ಇಟ್ಟಿಗಿ ಗೋಡಿ ಅಂತಾರ. ನಾವು ಸಣ್ಣದಕ್ಕ ಯಾಕ ಹೋಗೋಣು, ತುಂಗಭದ್ರಾ ಅಣೆಕಟ್ಟನ್ನೇ ತಗೊಳ್ರಿ: ಕಲ್ಲು, ನಡುವ ಸುರ್ಕಿ ಗಾರೆ. ಅಲ್ಲಿ ಗಾರೆ ಜಾರಿದ್ರ ಗಂಗಾವತಿ ಭತ್ತದ ಗದ್ದಿ ಕಥಿ ಮುಗೀತು. ಚಿಪ್ಪಿನಾಗ ಉಲ್ಟಾ, ಗಾರೆ ಜಾರಲೇಬೇಕು! ಪೆಟ್ಟು ಬಿದ್ದಾಗ ಬಿಲ್ಲಿಗಳು ಚೂರು ಸರೀತಾವ, ಅಂಟು ಹರಿಯದ ಹಿಗ್ತದ, ಬಿಲ್ಲಿ ಮ್ಯಾಲಿನ ಉಬ್ಬುಗಳು ಒಂದಕ್ಕೊಂದು ತಡೀತಾವ. ಬಿರುಕು ಸೊಟ್ಟಪಟ್ಟ ಹೊಳ್ಳಿ ಹೊಳ್ಳಿ ಶಕ್ತಿ ಕಳಕೊಳ್ತದ. ಅಂಟು ಅತೀ ಬಿಗಿ ಆದ್ರ ಬಿರುಕು ಬಿಲ್ಲಿನೇ ಸೀಳಿ ನೆಟ್ಟಗ ಹೋಗ್ತದ. ಅತೀ ಸಡಿಲಾದ್ರ ಪದರು ಬಿಚ್ಚಿಕೊಳ್ತಾವ.

ಲ್ಯಾಬಿನಾಗ ಇದನ್ನ ಮಾಡಾಕ ಅಚ್ಚು ಯಾವುದು ಗೊತ್ತೇನ್ರಿ? ಮಂಜುಗಡ್ಡಿ. ಅಲ್ಯುಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪುಡಿಯನ್ನ ನೀರಿನಾಗ ಕಲಿಸಿ, ಪುಡಿ ತೂಕದ 1%ನಷ್ಟು ಗಂಟುಕಟ್ಟದಂಗ ಮಾಡೋ ರಾಸಾಯನಿಕ, 2%ನಷ್ಟು ಪಿವಿಎ ಅನ್ನೋ ಅಂಟು ಹಾಕಿ, ಗುಂಡುಗಳು ಉರುಳಿ ಅರಿಯೋ ಬಾಲ್ ಮಿಲ್‌ನಾಗ ತಿರುವಬೇಕು. ಗುಳ್ಳಿಗಳನ್ನ ವ್ಯಾಕ್ಯೂಮ್‌ನಾಗ ತೆಗೀರಿ, ಬಿಟ್ರ ಅವೇ ಮುಂದ ತೂತು. ಟೆಫ್ಲಾನ್ ಅಚ್ಚಿಗೆ ಹೊಯ್ದು ಕೆಳಗಿನ ತಾಮ್ರವನ್ನ ತಂಪು ಮಾಡಿದ್ರ, ಹಿಮದ ಹಾಳಿಗಳು ಮ್ಯಾಲೆ ಬೆಳೀತಾ ಪುಡಿಯನ್ನ ನಡುವಿನ ಸಂದಿಗೆ ದೂಡ್ತಾವ. ಬೇಗ ತಂಪು ಮಾಡಿದ್ರ ಪದರು ತೆಳ್ಳಗ. ಅತೀ ಬೇಗಾದ್ರ ಪುಡಿ ಹಿಮದಾಗೇ ಸಿಕ್ಕಿಬಿದ್ದು ಪದರೇ ಇಲ್ಲ.

ಆಮ್ಯಾಲೆ ಹಿಮವನ್ನ ಕರಗಿಸಬ್ಯಾಡ್ರಿ, ಪದರು ಕುಸೀತಾವ. ವ್ಯಾಕ್ಯೂಮ್‌ನಾಗ ನೇರ ಆವಿ ಮಾಡಿ, ಸುಮಾರು 1500 ಡಿಗ್ರಿಯಾಗ ಸುಟ್ಟು, ಒತ್ತಿ, ಮತ್ತ ಸುಟ್ಟು, ಸಂದಿಗೆ ಅಂಟಾಗಿ ಅಕ್ರಿಲಿಕ್ ಪ್ಲಾಸ್ಟಿಕ್ ತುಂಬೋದು. 2008ರಾಗ ಅಮೆರಿಕಾದ ಬರ್ಕ್ಲಿ ಲ್ಯಾಬ್ ತಂಡ 80% ಅಲ್ಯುಮಿನಾದ ಇಂಥದ್ದನ್ನ ಮಾಡಿ, ಮುರಿಯಾಕ ಬೇಕಾದ ಶಕ್ತಿಯನ್ನ ಅದರ ಮೂಲ ವಸ್ತುಗಳ 300 ಪಟ್ಟಿನ ತನಕ ಏರಿಸ್ತು.

[ತೆರೆ: ಕೆಂಪಗ ಕಾದ ಕುಲುಮಿ]

ಟೈಮ್ ಆತು, ಉಳಿದದ್ದು ಗಡಗಡ. ಸುಡದ ಬೆಳೆಸೋ ದಾರಿನೂ ಅದ: 2016ರಾಗ ಚೀನಾದ ಹೆಫೈ ತಂಡ ಕೈಟಿನ್ ಚೌಕಟ್ಟಿನಾಗ ಅರಗೊನೈಟ್ ಬೆಳೆಸಿ, ರೇಷ್ಮಿ ಪ್ರೊಟೀನು ತುಂಬಿ ಬಿಸಿಯಾಗ ಒತ್ತಿತು. ಇನ್ನ ಆ ಅಕ್ರಿಲಿಕ್ ತುಂಬಿದ ತುಂಡನ್ನ ತೋರಣಗಲ್ಲಿನ ಉಕ್ಕಿನ ಕುಲುಮಿ ಹತ್ರ ಒಯ್ಯಬ್ಯಾಡ್ರಿ, 105 ಡಿಗ್ರಿ ಸುಮಾರಿಗೆ ಅಂಟು ಮೆತ್ತಗ ಆಗ್ತದ. ಅದಕ್ಕಂತಲೇ 2014ರಾಗ ಫ್ರಾನ್ಸಿನವರು ಅಕ್ರಿಲಿಕ್‌ನಂಥ ಪಾಲಿಮರೇ ಇಲ್ಲದ, ಪೂರ್ತಿ ಸಿರಾಮಿಕ್ ಚಿಪ್ಪು ಮಾಡಿದ್ರು. ಅದು 600 ಡಿಗ್ರಿಯಾಗೂ ಗಟ್ಟಿ ನಿಂತಿತು.