ಕೆಲಸವಿಲ್ಲದ ಸ್ಟೇಷನ್ನಿನಲ್ಲಿ ಇಳಿದು ನೋಡ್ರಿ

ನಮಸ್ಕಾರ್ರಿ. ವಿಜಯಪುರದಿಂದ ಮಾತಾಡ್ತಿದ್ದೇನೆ. ನಮ್ಮೂರಲ್ಲಿ ಮೆಟ್ರೋ ಇಲ್ಲ. ಆದರೂ ಇವತ್ತಿನ ಮಾತು ಮೆಟ್ರೋದ್ದೇ.

ಹೋದ ಸಲ ಬೆಂಗಳೂರಿನಲ್ಲಿ ಅಕ್ಕನ ಮನೆಯಲ್ಲಿದ್ದೆ. ಬೆಳಿಗ್ಗೆ ಎದ್ದು, ನೆಲದ ಕೆಳಗಿನ ಸ್ಟೇಷನ್ ಎಲ್ಲಾ ಇಳಿದು ನೋಡಿ ಬರ್ತೀನಿ ಅಂದೆ.

"ಅಲ್ಲೆ ನಿಂದೇನ್ ಕೆಲಸ ಐತಿ?"

"ಏನೂ ಇಲ್ಲ ಅಕ್ಕಾ."

"ಹಂಗಾರ ಯಾಕ ಇಳೀತಿ?"

ಅವತ್ತು ಉತ್ತರ ಹೊಳೆಯಲಿಲ್ಲ. ಈಗ ಹೇಳ್ತೀನಿ.

ಲಂಡನ್ನಿನಲ್ಲಿ 1863ರಲ್ಲೇ ಭೂಗತ ರೈಲು ಶುರುವಾಯಿತು. ಈಗ ಅಲ್ಲಿ 272 ನಿಲ್ದಾಣ. ಹೆಸರಿಗೆ ಭೂಗತ, ಆದರೆ ಅರ್ಧಕ್ಕಿಂತ ಜಾಸ್ತಿ ಹಳಿ ನೆಲದ ಮೇಲೇ ಇದೆ. ಎಲ್ಲಾ ನಿಲ್ದಾಣವನ್ನೂ ಒಂದೇ ದಿನದಲ್ಲಿ ಮುಟ್ಟುವ ಪೈಪೋಟಿ ಅಲ್ಲಿ ನಡೆಯುತ್ತದೆ, ಗಿನ್ನೆಸ್ ದಾಖಲೆಯೂ ಇದೆ. ಅದರ ನಿಯಮ ಕೇಳಿ: ರೈಲು ನಿಂತರೆ ಸಾಕು, ನೀವು ಇಳಿಯಬೇಕಾಗಿಲ್ಲ! ಊಟದ ಮನೆಗೆ ಹೋಗಿ ಎಲೆ ಎಣಿಸಿಕೊಂಡು ಬಂದ ಹಾಗೆ. ಅವರ ಓಟ ಅವರಿಗಿರಲಿ. ನನಗೆ ಮಾತ್ರ ಇಳಿಯದೆ ನೋಡಿದ್ದು ಲೆಕ್ಕಕ್ಕಿಲ್ಲ.

ಬೆಂಗಳೂರಿನಲ್ಲಿ ನೇರಳೆ ಮತ್ತು ಹಸಿರು ಮಾರ್ಗ ಸೇರಿಸಿದರೂ ಭೂಗತ ನಿಲ್ದಾಣ ಏಳೇ. ಕಬ್ಬನ್ ಪಾರ್ಕ್, ವಿಧಾನಸೌಧ, ಸೆಂಟ್ರಲ್ ಕಾಲೇಜು, ಮೆಜೆಸ್ಟಿಕ್, ಸಿಟಿ ರೈಲ್ವೆ ಸ್ಟೇಷನ್, ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್. ಒಂದು ದಿನದ ಪಾಸ್ ತಗೊಂಡರೆ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು.

ನಮ್ಮ ಗೋಲಗುಂಬಜ್ ಎಕ್ಸ್‌ಪ್ರೆಸ್ ಹೋಗಿ ನಿಲ್ಲುವುದೇ ಸಿಟಿ ಸ್ಟೇಷನ್ನಿಗೆ. ಅದರ ಈಗಿನ ಹೆಸರು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ. ಬೆಳಗಾವಿ ಕಡೆಯ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಆ ಹೆಸರಿನ ಕೆಳಗೆ ನಾವು ಎಷ್ಟು ಸಲ ಲಗೇಜ್ ಎಳೆದುಕೊಂಡು ಓಡಿದ್ದೇವೆ, ಅಲ್ವಾ? ಅವತ್ತು ಮೊದಲ ಸಲ ನಿಂತು ಓದಿದೆ.

ಚಿಕ್ಕಪೇಟೆಯಲ್ಲಿ ಇನ್ನೂ ಜಾಸ್ತಿ ಹೊತ್ತು ಕೂತೆ. ರೈಲು ಕಾಣುವ ಮೊದಲು ಗಾಳಿ ಬರುತ್ತದೆ. ಸುರಂಗ ಇಕ್ಕಟ್ಟು, ರೈಲು ಮುಂದಿನ ಗಾಳಿಯನ್ನೆಲ್ಲಾ ತಳ್ಳಿಕೊಂಡು ಬರುತ್ತದೆ. ಸೈಕಲ್ ಪಂಪಿನ ಹಾಗೆ. ಮುಖಕ್ಕೆ ಬಡಿದ ಮೇಲೆ ದೀಪ ಕಾಣುತ್ತದೆ. ಇಲ್ಲಿಂದ ಮೆಜೆಸ್ಟಿಕ್ಕಿನ ಕಡೆ ಸುರಂಗ ಕೊರೆದ ಯಂತ್ರಗಳಲ್ಲಿ ಒಂದಕ್ಕೆ ಕೃಷ್ಣಾ ಅಂತ ಹೆಸರಿಟ್ಟಿದ್ದರು. ಆಲಮಟ್ಟಿಯಲ್ಲಿ ಕೃಷ್ಣೆಯನ್ನು ದಾಟಿ ಬಂದ ನನಗೆ ಅದು ನೆನಪಾಗಿ ನಗು ಬಂತು.

ಮೂರು ರೈಲು ಬಿಟ್ಟೆ. ಸೆಕ್ಯೂರಿಟಿಯವರು ಬಂದರು. "ಯಾಕ್ ಸಾರ್, ಹತ್ತಲ್ವಾ?" ಸುಮ್ನೆ ನೋಡ್ತಿದ್ದೀನಿ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಟಿಕೆಟಿಗೆ ಕಾಲಮಿತಿ ಇರುತ್ತದೆ, ಅವರ ಅನುಮಾನ ತಪ್ಪಲ್ಲ. ಎದ್ದು ಮೇಲೆ ಬಂದೆ. ಸೀರೆ ಅಂಗಡಿಗಳ ಆ ಇಕ್ಕಟ್ಟಿನ ಓಣಿ! ಇದರ ಅಡಿಯಲ್ಲಿ ರೈಲು ಓಡುತ್ತಿದೆ ಅಂದರೆ ಮೇಲೆ ನಿಂತವರಿಗೆ ಗೊತ್ತೇ ಆಗುವುದಿಲ್ಲ.

ಮೆಜೆಸ್ಟಿಕ್ ಬಗ್ಗೆ ಹೇಳುವುದು ಕಡಿಮೆ. ಎರಡು ಮಾರ್ಗ ಒಂದರ ಮೇಲೊಂದು, ಜನರೂ ಹಾಗೇ. ಬ್ಯಾಗಿನಲ್ಲಿ ರೊಟ್ಟಿ ಬುತ್ತಿ ಇತ್ತು. ಮೆಟ್ರೋದಲ್ಲಿ ತಿನ್ನುವ ಹಾಗಿಲ್ಲ. ನಮ್ಮ ಕಡೆಯವರಿಗೆ ರೈಲು ಅಂದರೇ ಬುತ್ತಿ, ಇದು ಸ್ವಲ್ಪ ಕಷ್ಟವೇ. ಕಬ್ಬನ್ ಪಾರ್ಕಿನಲ್ಲಿ ಮೇಲೆ ಬಂದು, ಮರದ ಕೆಳಗೆ ಕೂತು ಶೇಂಗಾ ಚಟ್ನಿ ಜೊತೆ ತಿಂದೆ. ಮುಂದಿನ ನಿಲ್ದಾಣ ಎಂ.ಜಿ. ರೋಡ್. ಅಷ್ಟರಲ್ಲಿ ರೈಲು ನೆಲ ಬಿಟ್ಟು ಮೇಲೆ ಏರಿರುತ್ತದೆ. ಅದಕ್ಕೇ ನನ್ನ ಲೆಕ್ಕ ಅಲ್ಲಿಗೆ ಮುಗಿಯಿತು.

ರಾತ್ರಿ ಅಕ್ಕ ಮತ್ತೆ ಕೇಳಿದಳು, "ಏನ್ ಸಿಕ್ತು?" ಕೆಲಸ ಇರುವ ಕಡೆ ಇಳಿದಾಗ ನಾವು ನೋಡುವುದು ಗಡಿಯಾರ, ಅಕ್ಕಾ. ಊರನ್ನು ಯಾವಾಗ ನೋಡೋದು?

ಇಷ್ಟು ದೊಡ್ಡ ಮಾತಾಡಿದವನು ವಾಪಸ್ ಬಂದ ಮೇಲೆ ನಾಚಿದೆ. ನೆಲದ ಕೆಳಗಿನ ಮಾರ್ಗ ವಿಜಯಪುರಕ್ಕೂ ಇದೆಯಲ್ಲ! ಆದಿಲ್‌ಶಾಹಿ ಕಾಲದಲ್ಲಿ, 16ನೇ ಶತಮಾನದಲ್ಲಿ, ತೊರವಿಯ ಸುರಂಗ ಬಾವಡಿಯಿಂದ ಸುರಂಗ ತೋಡಿ ಊರಿಗೆ ನೀರು ತಂದಿದ್ದರು. ದಾರಿಯುದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಗಾಳಿಕಿಂಡಿಗಳು. ಅವೇ ಅದರ ಸ್ಟೇಷನ್ನು ಅಂದುಕೊಳ್ಳಿ. ಹುಟ್ಟಿದಾಗಿನಿಂದ ಇಲ್ಲೇ ಇದ್ದೇನೆ, ಒಂದರ ಹತ್ತಿರವೂ ಹೋಗಿರಲಿಲ್ಲ.

ಹೋದ ಭಾನುವಾರ ಹೊರಟೆ. ಮೂರನೆಯದರ ಹೊತ್ತಿಗೆ ಬಿಸಿಲು ತಡೆಯಲಾಗದೆ ಬೇವಿನ ನೆರಳಿನಲ್ಲಿ ಕೂತೆ. ಕುರಿ ಕಾಯುವ ಹುಡುಗನೊಬ್ಬ ಬಂದು ನಿಂತ.

"ಏನ್ ಕಳಕೊಂಡೀರಿ ಕಾಕಾ?"

ಏನೂ ಇಲ್ಲಪ್ಪ, ನಾಲ್ಕನೇ ಕಿಂಡಿ ಹುಡುಕ್ತಿದ್ದೀನಿ ಅಂದೆ. ಬರ್ರಿ ಅಂತ ಕರೆದುಕೊಂಡು ಹೊರಟ.