ಮುಖ ನೋಡಿ ಮಣೆ ಹಾಕಬೇಡಿ: ಟರ್ಬೊ ಎಂಜಿನ್ನಿಗೆ ಎಎಫ್‌ಆರ್ ಗೇಜ್

ನಮಸ್ಕಾರ. ಕ್ಯಾಮೆರಾದ ಹತ್ತಿರ ಹಿಡಿದಿರುವ ಈ ಸ್ಪಾರ್ಕ್ ಪ್ಲಗ್ಗನ್ನು ಸ್ವಲ್ಪ ಗಮನವಿಟ್ಟು ನೋಡಿ. ನಡುವಿನ ಬಿಳಿ ಪಿಂಗಾಣಿಯ ಮೇಲೆ ಸಾಸಿವೆಗಿಂತ ಸಣ್ಣ ಕಾಳುಗಳು ಮಿನುಗುತ್ತಿವೆ, ಕಾಣುತ್ತಿದೆಯೇ? ಉಗುರಿನಿಂದ ಕೆರೆದರೂ ಹೋಗುವುದಿಲ್ಲ. ಇದು ಅಲ್ಯೂಮಿನಿಯಂ. ನನ್ನ ಕಾರಿನ ಮೂರನೇ ಸಿಲಿಂಡರಿನಲ್ಲಿ ಪಿಸ್ಟನ್ನಿನ ಅಂಚು ಕರಗಿ, ಸಿಡಿದು, ಇಲ್ಲಿ ಬಂದು ಅಂಟಿಕೊಂಡಿದೆ. ಆ ದಿನ ನನ್ನ ಡ್ಯಾಶ್‌ಬೋರ್ಡಿನ ಮೇಲೆ ಗಾಳಿ-ಇಂಧನ ಅನುಪಾತ, ಅಂದರೆ ಎಎಫ್‌ಆರ್ ತೋರಿಸುವ ಗೇಜ್ ಇತ್ತು. ಬೂಸ್ಟ್, ಅಂದರೆ ಟರ್ಬೊ ಎಂಜಿನ್ನಿಗೆ ಗಾಳಿ ತುಂಬುವ ಒತ್ತಡ, ಏರುತ್ತಿದ್ದಂತೆ ಅದರಲ್ಲಿ ಹಸಿರು ದೀಪಗಳು ಸಾಲಾಗಿ ಹೊತ್ತಿಕೊಂಡವು. ಹಸಿರು ಎಂದರೆ ರಿಚ್, ಇಂಧನ ಧಾರಾಳವಾಗಿ ಬರುತ್ತಿದೆ, ಎಂಜಿನ್ ಕ್ಷೇಮವಾಗಿದೆ ಎಂದುಕೊಂಡು ನಾನು ಆಕ್ಸಿಲರೇಟರನ್ನು ತಳದವರೆಗೆ ಒತ್ತಿದೆ. ಇಂಧನದ ಪಂಪ್ ಅಷ್ಟು ಹೊತ್ತಿಗಾಗಲೇ ಸೋತಿತ್ತು. ದೀಪ ಮಾತ್ರ ಹಸಿರಾಗಿಯೇ ಇತ್ತು.

ಈ ಪ್ಲಗ್ಗನ್ನು ನಾನು ಎಸೆದಿಲ್ಲ. ಯಾರಾದರೂ ಬಂದು "ಟರ್ಬೊ ಕಾರಿಗೆ ಯಾವ ಎಎಫ್‌ಆರ್ ಗೇಜ್ ಕೊಳ್ಳಲಿ?" ಎಂದು ಕೇಳಿದರೆ ಮೊದಲು ಇದನ್ನು ಅವರ ಅಂಗೈಯಲ್ಲಿಡುತ್ತೇನೆ.

ಆ ಹಸಿರು ದೀಪ ಏಕೆ ಸುಳ್ಳು ಹೇಳಿತು? ಬಾಷ್ ಕಂಪನಿ 1976ರಲ್ಲಿ, ಹೊಗೆಯಲ್ಲಿನ ಆಮ್ಲಜನಕವನ್ನು ಗುರುತಿಸುವ ಲ್ಯಾಂಬ್ಡಾ ಸೆನ್ಸರನ್ನು ಮಾರುಕಟ್ಟೆಗೆ ತಂದಿತು. ಮೊದಲು ಅದು ಬಂದದ್ದು ವೋಲ್ವೊ ಕಾರುಗಳಲ್ಲಿ. ಅದರ ಉದ್ದೇಶ ಒಂದೇ: ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುವಂತೆ ಮಿಶ್ರಣವನ್ನು ಹದದಲ್ಲಿಡುವುದು. ಆ ಹದ ಎಂದರೆ ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ. ಇದನ್ನೇ ಲ್ಯಾಂಬ್ಡಾ 1 ಎನ್ನುತ್ತೇವೆ. ಅಂಕಿ ಅದಕ್ಕಿಂತ ಇಳಿದರೆ ಇಂಧನ ಹೆಚ್ಚು, ಅಂದರೆ ರಿಚ್; ಏರಿದರೆ ಇಂಧನ ಕಡಿಮೆ, ಅಂದರೆ ಲೀನ್. ನನ್ನ ಗೇಜಿಗೆ ಜೋಡಿಸಿದ್ದ ಈ ಹಳೆಯ ಬಗೆಯ ನ್ಯಾರೋಬ್ಯಾಂಡ್ ಸೆನ್ಸರ್ ಸುಮಾರು 0.1 ವೋಲ್ಟಿನಿಂದ 0.9 ವೋಲ್ಟಿನವರೆಗೆ ಸಂಕೇತ ಕೊಡುತ್ತದೆ, 0.45ರ ಆಸುಪಾಸಿನಲ್ಲಿ ಥಟ್ಟನೆ ಪಲ್ಟಿ ಹೊಡೆಯುತ್ತದೆ. ಹದದ ಆಚೆಗೋ ಈಚೆಗೋ ಎಂಬುದನ್ನು ಅದು ಬಹಳ ಚೆನ್ನಾಗಿ ಹೇಳಬಲ್ಲದು. ಎಷ್ಟು ಆಚೆಗೆ ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ. ಬೂಸ್ಟಿನಲ್ಲಿ 11.5 ಇರಬೇಕಾದ ಮಿಶ್ರಣ 13ಕ್ಕೆ ಜಾರಿದರೂ ಅದರ ವೋಲ್ಟೇಜ್ ಹೆಚ್ಚುಕಡಿಮೆ ಅಲ್ಲಿಯೇ ನಿಂತಿರುತ್ತದೆ. ಸೆನ್ಸರ್ ಸ್ವಲ್ಪ ಬಿಸಿಯಾದರೂ ಅಷ್ಟೇ ವ್ಯತ್ಯಾಸ ಬರುತ್ತದೆ. ಆದ್ದರಿಂದ ನ್ಯಾರೋಬ್ಯಾಂಡಿಗೆ ಜೋಡಿಸುವ ಗೇಜನ್ನು ಯಾರಾದರೂ ಪುಕ್ಕಟೆಯಾಗಿ ಕೊಟ್ಟರೂ ಟರ್ಬೊ ಕಾರಿಗೆ ಹಾಕಬೇಡಿ. ಗೇಜ್ ಇಲ್ಲದಿದ್ದರೆ ಕನಿಷ್ಠ ಭಯವಾದರೂ ಉಳಿದಿರುತ್ತದೆ.

ಟರ್ಬೊ ಎಂಜಿನ್ನಿಗೆ ಇಷ್ಟೊಂದು ಎಚ್ಚರ ಏಕೆ ಬೇಕು? ಬೂಸ್ಟಿನಲ್ಲಿ ನಾವು ಪೆಟ್ರೋಲನ್ನು ಬೇಕೆಂದೇ ಹೆಚ್ಚು ಸುರಿಯುತ್ತೇವೆ. ಸಾಮಾನ್ಯವಾಗಿ ಲ್ಯಾಂಬ್ಡಾ 0.78ರಿಂದ 0.82, ಅಂದರೆ 11.5ರಿಂದ 12ರ ನಡುವೆ. ಆ ಹೆಚ್ಚುವರಿ ಇಂಧನ ಆವಿಯಾಗುತ್ತಾ ಸಿಲಿಂಡರಿನ ಒಳಗನ್ನು ತಂಪಾಗಿಡುತ್ತದೆ, ನಾಕಿಂಗ್, ಅಂದರೆ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಸಿಡಿಯುವುದು, ಬರದಂತೆ ತಡೆಯುತ್ತದೆ. ನೇರ ಇಂಜೆಕ್ಷನ್ ಇರುವ ಎಂಜಿನ್ನುಗಳು ಇದಕ್ಕಿಂತ ತುಸು ಕಡಿಮೆ ಇಂಧನದಲ್ಲೂ ನಿಭಾಯಿಸುತ್ತವೆ. ಟರ್ಬೊ ಇಲ್ಲದ ಎಂಜಿನ್ ಲೀನ್ ಆದರೆ ಬಹುಪಾಲು ಶಕ್ತಿ ಕುಂದುತ್ತದೆ, ನಿಮಗೇ ತಿಳಿಯುತ್ತದೆ. ಪೂರ್ತಿ ಬೂಸ್ಟಿನಲ್ಲಿರುವ ಟರ್ಬೊ ಎಂಜಿನ್ ಲೀನ್ ಆದರೆ ಕೆಲವೇ ಸೆಕೆಂಡುಗಳು ಸಾಕು, ಈ ಪ್ಲಗ್ಗಿನ ಮೇಲಿನ ಕಾಳುಗಳು ತಯಾರಾಗುತ್ತವೆ.

ಹಾಗಾಗಿ ಬೇಕಾದದ್ದು ವೈಡ್‌ಬ್ಯಾಂಡ್, ಹದದಿಂದ ಎಷ್ಟು ಆಚೆಗೆ ಎಂಬುದನ್ನೂ ಅಳೆಯುವ ಸೆನ್ಸರ್. ಅದು ಕೆಲಸ ಮಾಡುವ ರೀತಿ ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ. ಸೆನ್ಸರಿನ ತುದಿಯಲ್ಲಿ ಒಂದು ಪುಟ್ಟ ಕೋಣೆ ಇದೆ. ಹೊಗೆ ಅದರೊಳಗೆ ಇಳಿಯುತ್ತದೆ. ಆ ಕೋಣೆಯಲ್ಲಿ ಲ್ಯಾಂಬ್ಡಾ 1ರ ಹದ ಬರುವವರೆಗೆ ಕಂಟ್ರೋಲರ್, ಅಂದರೆ ಸೆನ್ಸರನ್ನು ನಡೆಸುವ ಎಲೆಕ್ಟ್ರಾನಿಕ್ ಭಾಗ, ಆಮ್ಲಜನಕವನ್ನು ಒಳಗೆ ತಳ್ಳುತ್ತದೆ ಅಥವಾ ಹೊರಗೆ ಹಾಕುತ್ತದೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಸಾಮಾನಿಟ್ಟು, ಮುಳ್ಳು ನೇರ ನಿಲ್ಲುವವರೆಗೆ ಇನ್ನೊಂದರಲ್ಲಿ ತೂಕದ ಬೊಟ್ಟು ಇಡುತ್ತಾ ಹೋಗುವುದಿಲ್ಲವೇ, ಹಾಗೆ. ಹದಕ್ಕೆ ತರಲು ಎಷ್ಟು ವಿದ್ಯುತ್ ಹರಿಸಬೇಕಾಯಿತು ಎಂಬುದೇ ಅಳತೆ. ಇದಕ್ಕೆ ಸೆನ್ಸರ್ ಸುಮಾರು 780 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ಥಿರವಾಗಿರಬೇಕು. ಆ ಬಿಸಿಯನ್ನು ಕಾಯ್ದುಕೊಳ್ಳುವುದೂ ಕಂಟ್ರೋಲರಿನ ಹೊಣೆ.

ಇದನ್ನು ಅರ್ಥ ಮಾಡಿಕೊಂಡರೆ ಆಯ್ಕೆ ತಾನಾಗಿ ತಿಳಿಯಾಗುತ್ತದೆ. ನೀವು ದುಡ್ಡು ಕೊಡುತ್ತಿರುವುದು ಸೆನ್ಸರಿಗೆ ಮತ್ತು ಕಂಟ್ರೋಲರಿಗೆ. ಡ್ಯಾಶ್‌ಬೋರ್ಡಿನ ಮೇಲೆ ಹೊಳೆಯುವ ದುಂಡು ಮುಖ ಕೊನೆಯ ಮಾತು. ಆದರೆ ನಾವು ಅಂಗಡಿಯಲ್ಲಿ ನೋಡುವುದು ಆ ಮುಖವನ್ನೇ. ಮುಖ ನೋಡಿ ಮಣೆ ಹಾಕುತ್ತೇವೆ.

ಸೆನ್ಸರಿನ ವಿಷಯಕ್ಕೆ ಬನ್ನಿ. ಬಾಷ್‌ನ ಎಲ್‌ಎಸ್‌ಯು 4.2 ಹಳೆಯದು, ಎಲ್‌ಎಸ್‌ಯು 4.9 ಅದರ ನಂತರದ್ದು. 4.2ನ್ನು ಬಳಸುವ ಕೆಲವು ಗೇಜ್‌ಗಳಲ್ಲಿ ಆಗಾಗ ಸೆನ್ಸರನ್ನು ಬಿಚ್ಚಿ ಶುದ್ಧ ಗಾಳಿಯಲ್ಲಿಟ್ಟು ಹೊಂದಿಸಬೇಕಾಗುತ್ತದೆ. 4.9ರಲ್ಲಿ ಕಾರ್ಖಾನೆಯಲ್ಲೇ ಹೊಂದಿಸಿದ ಒಂದು ಪುಟ್ಟ ರೆಸಿಸ್ಟರ್ ಕನೆಕ್ಟರಿನೊಳಗೆ ಕೂತಿರುತ್ತದೆ. ಅದು ಆ ಒಂದು ಸೆನ್ಸರಿಗಷ್ಟೇ ಸಲ್ಲುವಂಥದ್ದು. ವೈರ್ ಉದ್ದ ಸಾಲುವುದಿಲ್ಲವೆಂದು ಕನೆಕ್ಟರನ್ನು ಕತ್ತರಿಸಿ ಬೇರೆಯದನ್ನು ಹಾಕಿದರೆ ಆ ಹೊಂದಾಣಿಕೆ ಅಲ್ಲಿಗೆ ಮುಗಿಯಿತು. ನಾನಾದರೆ 4.9 ಬಳಸುವ ಗೇಜನ್ನೇ ಆರಿಸುತ್ತೇನೆ. ಎಇಎಂ ಕಂಪನಿಯ ಎಕ್ಸ್-ಸೀರೀಸ್, ಇನ್ನೊವೇಟ್ ಕಂಪನಿಯ ಎಂಟಿಎಕ್ಸ್-ಎಲ್ ಪ್ಲಸ್ ಎರಡೂ ಇದನ್ನೇ ಬಳಸುತ್ತವೆ. ಸೆನ್ಸರ್ ಎಂದರೆ ಬ್ರೇಕ್ ಪ್ಯಾಡಿನಂತೆ ಸವೆಯುವ ಭಾಗ. ಎಣ್ಣೆ ಸುಡುವ ಎಂಜಿನ್, ಸೀಸ ಬೆರೆತ ರೇಸಿಂಗ್ ಪೆಟ್ರೋಲ್, ಸಿಲಿಕೋನ್ ಸೀಲಂಟ್ ಇವೆಲ್ಲ ಅದನ್ನು ಕೊಲ್ಲುತ್ತವೆ. ಸತ್ತಾಗ ಅದೇ ಸೆನ್ಸರ್ ಬಿಡಿಯಾಗಿ ಸಿಗುತ್ತದೆಯೇ ಎಂದು ಗೇಜ್ ಕೊಳ್ಳುವ ಮೊದಲೇ ವಿಚಾರಿಸಿ. ನಕಲಿ ಸೆನ್ಸರುಗಳೂ ಧಾರಾಳವಾಗಿ ಓಡಾಡುತ್ತಿವೆ. ನಂಬಲಾಗದಷ್ಟು ಅಗ್ಗವಾಗಿದ್ದರೆ ನಂಬಬೇಡಿ.

ಇತ್ತೀಚಿನ ಅನೇಕ ಟರ್ಬೊ ಕಾರುಗಳಲ್ಲಿ ಕಂಪನಿಯೇ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿರುತ್ತದೆ. ನಿಮ್ಮದೂ ಅಂಥದ್ದಾಗಿದ್ದರೆ, ಕಾರನ್ನು ಹೆಚ್ಚೇನೂ ಬದಲಿಸದಿದ್ದರೆ, ಮೊದಲು ಅದನ್ನು ಓದಲು ಕಲಿಯಿರಿ. ಕೊಳ್ಳುವ ಅಗತ್ಯವೇ ಬರದಿರಬಹುದು.

ಈಗ ನಾನು ಹಟ ಹಿಡಿದು ಹೇಳುವ ಮಾತು. ಗೇಜನ್ನು ಲ್ಯಾಂಬ್ಡಾಕ್ಕೆ ಬದಲಿಸಿಕೊಳ್ಳಿ. ಸೆನ್ಸರ್ ಅಳೆಯುವುದು ಲ್ಯಾಂಬ್ಡಾವನ್ನು. 14.7 ಎಂಬುದು ಗೇಜ್ ಆಮೇಲೆ ಮಾಡುವ ಗುಣಾಕಾರ. ಟ್ಯಾಂಕಿನಲ್ಲಿ ಇರುವುದು ಯಾವ ಇಂಧನವೆಂದು ಅದಕ್ಕೆ ಗೊತ್ತಿಲ್ಲ. ಬಹುಪಾಲು ಎಥನಾಲ್ ಇರುವ ಇ85 ತುಂಬಿಸಿದರೆ ಹದ 9.8ರ ಆಸುಪಾಸಿಗೆ ಇಳಿಯುತ್ತದೆ. ಬೂಸ್ಟಿನಲ್ಲಿ ನಿಜವಾದ ಅನುಪಾತ 7.8 ಇರುವಾಗಲೂ ಪೆಟ್ರೋಲಿನ ಗೇಜ್ 11.8 ಎನ್ನುತ್ತಲೇ ಇರುತ್ತದೆ. ಲ್ಯಾಂಬ್ಡಾದಲ್ಲಿ ಎರಡಕ್ಕೂ 0.8. ಎಥನಾಲ್ ಬೆರಕೆ ಹೆಚ್ಚುತ್ತಿರುವ ಕಾಲದಲ್ಲಿ ಇದೊಂದು ಅಭ್ಯಾಸ ಎಷ್ಟೋ ಗೊಂದಲವನ್ನು ತಪ್ಪಿಸುತ್ತದೆ. ಹಳಬರಿಗೆ ಒಂದು ವಾರ ಕಷ್ಟವಾಗಬಹುದು, ನನಗೂ ಆಯಿತು.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಪೂರ್ತಿ ಬೂಸ್ಟಿನಲ್ಲಿ ನಿಮ್ಮ ಕಣ್ಣು ರಸ್ತೆಯ ಮೇಲಿರಬೇಕು. ಗೇಜಿನ ಅಂಕಿ ಅತ್ಯಂತ ಮುಖ್ಯವಾಗುವ ಗಳಿಗೆಯಲ್ಲೇ ನೀವು ಅದನ್ನು ನೋಡುವ ಸ್ಥಿತಿಯಲ್ಲಿರುವುದಿಲ್ಲ. ಆದ್ದರಿಂದ ದಾಖಲಿಸಲು ಬರದ ಗೇಜನ್ನು ನಾನು ಗೇಜ್ ಎಂದೇ ಒಪ್ಪುವುದಿಲ್ಲ. ಅದರಿಂದ ಎಂಜಿನ್ ನಡೆಸುವ ಕಂಪ್ಯೂಟರಾದ ಇಸಿಯುಗೋ, ಅಂಕಿಗಳನ್ನು ದಾಖಲಿಸುವ ಲಾಗರಿಗೋ ಸಂಕೇತ ಹೋಗಬೇಕು. ಎಂಜಿನ್ ವೇಗ, ಬೂಸ್ಟ್, ಲ್ಯಾಂಬ್ಡಾ ಮೂರೂ ಒಂದೇ ಸಾಲಿನಲ್ಲಿ ಕೂರಬೇಕು. ಬರೀ 12.9 ಎಂಬ ಅಂಕಿಗೆ ಅರ್ಥವಿಲ್ಲ. ಬೂಸ್ಟಿಲ್ಲದೆ ಸಾಗುವಾಗ ಅದು ಏನೂ ಅಲ್ಲ, ಪೂರ್ತಿ ಬೂಸ್ಟಿನಲ್ಲಿ ಅದೇ ಅಂಕಿ ಗಂಡಾಂತರ.

ಸಂಕೇತ ಕಳಿಸುವ ಬಗೆಯೂ ನೋಡಬೇಕು. 0ರಿಂದ 5 ವೋಲ್ಟಿನ ಅನಲಾಗ್ ವೈರ್ ಸಾಮಾನ್ಯ. ಗೇಜಿನ ಅರ್ತಿಂಗ್ ಒಂದು ಕಡೆ, ಇಸಿಯುವಿನದು ಇನ್ನೊಂದು ಕಡೆ ಇದ್ದರೆ ಎರಡರ ನಡುವೆ 0.1 ವೋಲ್ಟ್ ವ್ಯತ್ಯಾಸ ಸುಲಭವಾಗಿ ನುಸುಳುತ್ತದೆ. ಆ 5 ವೋಲ್ಟಿನಲ್ಲಿ 15 ಅಂಶಗಳ ಅನುಪಾತ ಅಡಗಿದ್ದರೆ, 0.1 ವೋಲ್ಟ್ ಎಂದರೆ 0.3 ತಪ್ಪು. ಗೇಜ್ 11.5 ಎನ್ನುತ್ತದೆ, ಇಸಿಯು 11.8 ಎಂದು ಬರೆದುಕೊಳ್ಳುತ್ತದೆ, ಟ್ಯೂನ್ ಮಾಡುವವರು ಎರಡರಲ್ಲಿ ಯಾವುದನ್ನು ನಂಬಬೇಕು? ಎರಡನ್ನೂ ಒಂದೇ ಜಾಗದಲ್ಲಿ ಅರ್ತ್ ಮಾಡಿಸಿ. ಕ್ಯಾನ್ ಬಸ್, ಅಂದರೆ ಕಾರಿನ ಡಿಜಿಟಲ್ ಸಂಪರ್ಕ ಜಾಲ, ಅದರ ಮೂಲಕ ಸಂಕೇತ ಕಳಿಸುವ ಗೇಜ್ ಇದ್ದು, ನಿಮ್ಮ ಇಸಿಯು ಅದನ್ನು ಓದಬಲ್ಲದಾದರೆ, ಎರಡನೇ ಯೋಚನೆ ಬೇಡ. ಅಲ್ಲಿ ಹೋಗುವುದು ಅಂಕಿಯೇ, ವೋಲ್ಟೇಜಿನ ಜಗಳವಿಲ್ಲ.

ಎಂಜಿನ್ ಮತ್ತೆ ಕಟ್ಟಿಸಿದ ಮೇಲೆ ನಾನು ಹಾಕಿಸಿಕೊಂಡದ್ದು ಅಲಾರ್ಮ್ ಇರುವ, ದಾಖಲಿಸುವ ಗೇಜ್. ಕೆಲವು ತಿಂಗಳ ಹಿಂದೆ ಮೂರನೇ ಗೇರಿನಲ್ಲಿ ಅದು ಕೂಗಿತು. ಕಾಲು ತೆಗೆದೆ. ಮನೆಗೆ ಬಂದು ದಾಖಲೆ ತೆರೆದರೆ ಲ್ಯಾಂಬ್ಡಾ 0.79, 0.80, 0.84, 0.89 ಎಂದು ಮೆಟ್ಟಿಲು ಹತ್ತಿದಂತೆ ಏರಿತ್ತು. ಎಂಜಿನ್ ವೇಗ ಹೆಚ್ಚಿದಷ್ಟೂ ಇಂಧನ ಹಿಂದೆ ಬಿದ್ದಿತ್ತು. ಪಂಪಿಗೆ ವಿದ್ಯುತ್ ಕೊಡುವ ರಿಲೇ ಕೂರುವ ಪ್ಲಾಸ್ಟಿಕ್ ಸಾಕೆಟ್ ಬಿಸಿಗೆ ಕಂದು ಬಣ್ಣಕ್ಕೆ ತಿರುಗಿತ್ತು. ಒಂದು ಸಾಕೆಟ್ ಬದಲಿಸಿದೆ, ಪಿಸ್ಟನ್ ಉಳಿಯಿತು.

ಇಷ್ಟೆಲ್ಲ ಇದ್ದರೂ ಗೇಜಿಗೆ ಕಾಣದ ಸಂಗತಿಗಳಿವೆ. ಒಂದು ಸೆನ್ಸರ್ ಎಲ್ಲ ಸಿಲಿಂಡರುಗಳ ಹೊಗೆಯನ್ನು ಒಟ್ಟಾಗಿ ಮೂಸುತ್ತದೆ. ನಾಲ್ಕರಲ್ಲಿ ಮೂರು 11.3ರಲ್ಲಿದ್ದು, ಇಂಜೆಕ್ಟರ್ ಕಟ್ಟಿಕೊಂಡ ಒಂದು 13.5ರಲ್ಲಿದ್ದರೆ ಗೇಜ್ ತೋರಿಸುವುದು ಸುಮಾರು 11.8. ನೋಡಲು ಚೆಂದದ ಅಂಕಿ, ಒಳಗೆ ಒಂದು ಪಿಸ್ಟನ್ ಸಾಯುತ್ತಿದೆ. ಇನ್ನೊಂದು, ಕಿಡಿ ತಪ್ಪಿ ಮಿಸ್‌ಫೈರ್ ಆದಾಗ ಸುಡದ ಆಮ್ಲಜನಕ ಹೊರಗೆ ಬಂದು ಗೇಜ್ ಲೀನ್ ಎನ್ನುತ್ತದೆ. ಸೆನ್ಸರಿಗಿಂತ ಮುಂಚೆ ಹೊಗೆಯ ಕೊಳವೆಯಲ್ಲಿ ಸೋರಿಕೆ ಇದ್ದರೂ ಹಾಗೆಯೇ. ಅದನ್ನು ನಂಬಿ ಇಂಧನ ಹೆಚ್ಚಿಸಿದರೆ ಮಿಸ್‌ಫೈರ್ ಇನ್ನೂ ಹೆಚ್ಚುತ್ತದೆ. ಪ್ಲಗ್ ಬಿಚ್ಚಿ ನೋಡುವ ಹಳೆಯ ಅಭ್ಯಾಸವನ್ನು ಬಿಡಬೇಡಿ.

ಸೆನ್ಸರಿನ ಜಾಗ ಟರ್ಬೊ ದಾಟಿದ ಮೇಲೆ, ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮುಂಚೆ. ಟರ್ಬೊಗಿಂತ ಮೊದಲು ಹಾಕಿದರೆ ಅಲ್ಲಿನ ಒತ್ತಡ ಅಳತೆಯನ್ನು ಕೆಡಿಸುತ್ತದೆ, ಬಿಸಿ ಸೆನ್ಸರನ್ನು ತಿನ್ನುತ್ತದೆ. ತುದಿ ಕೆಳಮುಖವಾಗಿ ವಾಲಿರಲಿ, ಇಲ್ಲದಿದ್ದರೆ ಹೊಗೆಯ ನೀರು ಅದರೊಳಗೆ ನಿಲ್ಲುತ್ತದೆ. ಗೇಜಿನ ವಿದ್ಯುತ್ ಕಿತ್ತು ಸೆನ್ಸರನ್ನು ಮಾತ್ರ ಕೊಳವೆಯಲ್ಲಿ ಬಿಟ್ಟು ಗಾಡಿ ಓಡಿಸಬೇಡಿ, ತಣ್ಣಗಿನ ಸೆನ್ಸರ್ ಮಸಿ ಹಿಡಿದು ಹಾಳಾಗುತ್ತದೆ. ಮುಖದ ವಿಷಯಕ್ಕೆ ಬಂದರೆ, 52 ಮಿಲಿಮೀಟರ್ ಅಳತೆಯದು ಎಲ್ಲೆಡೆ ಹೊಂದುತ್ತದೆ, ಬಿಸಿಲಿನಲ್ಲಿ ಅಂಕಿ ಓದಲು ಬಂದರೆ ಸಾಕು.

ಜೋಡಿಸಿದ ದಿನ ಬೂಸ್ಟಿನ ಹತ್ತಿರ ಹೋಗಬೇಡಿ. ಎಂಜಿನ್ ಕಾದ ಮೇಲೆ ಒಂದೇ ವೇಗದಲ್ಲಿ ನಿಧಾನವಾಗಿ ಓಡಿಸಿ, ಗೇಜ್ ಲ್ಯಾಂಬ್ಡಾ 1ರ ಆಸುಪಾಸಿನಲ್ಲಿ ನಿಂತಿರಬೇಕು. ಆಮೇಲೆ ಗೇರಿನಲ್ಲಿರುವಂತೆಯೇ ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆಯಿರಿ. ಇಸಿಯು ಇಂಧನ ನಿಲ್ಲಿಸುತ್ತದೆ, ಕೊಳವೆಯಲ್ಲಿ ಬರೀ ಗಾಳಿ ಉಳಿಯುತ್ತದೆ, ಗೇಜ್ ಸರ್ರನೆ ಲೀನ್ ತುದಿಗೆ ಓಡಬೇಕು. ತೆವಳುತ್ತಾ ಹೋದರೆ ಸೆನ್ಸರಿನ ಆಯಸ್ಸು ಮುಗಿಯುತ್ತಾ ಬಂದಿದೆ, ಇಲ್ಲವೇ ಅದು ನಕಲಿ. ನಾನು ಈಗಲೂ ಬೂಸ್ಟ್ ಏರಿಸುವ ಮುನ್ನ ಪ್ರತಿ ಸಲ ಇದನ್ನು ಮಾಡಿ ನೋಡುತ್ತೇನೆ.